ಓಡುವ ದೀಪಗಳ ಮಾಲೆ

ಗಣೇಶೋತ್ಸವದ ಚಪ್ಪರದಲ್ಲಿ ಪ್ರಭಾವಳಿಯ ಸುತ್ತ ಒಂದರ ಹಿಂದೆ ಒಂದಾಗಿ ಓಡುವ ದೀಪಗಳನ್ನು ನೋಡದವರು ವಿರಳ. ಆದರೆ ಅಲ್ಲಿ ಓಡುವುದಾದರೂ ಯಾವುದು? ದೀಪಗಳು ಇದ್ದಲ್ಲಿಯೇ ಇವೆ. ಒಂದು ಆರಿದೊಡನೆ ನೆರೆಯದು ಹೊತ್ತಿಕೊಳ್ಳುತ್ತದೆ, ಅಷ್ಟೆ. ನಡುವಣ ಚಲನೆಯನ್ನು ತುಂಬಿಕೊಡುವುದು ನಮ್ಮ ಕಣ್ಣು ಮತ್ತು ಮೆದುಳು. ಈ ತೋರಿಕೆಯ ಚಲನೆಯನ್ನು ಕುರಿತು ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನೋವಿಜ್ಞಾನಿ 1912ರಲ್ಲಿ ಪ್ರಸಿದ್ಧ ಪ್ರಬಂಧವೊಂದನ್ನು ಪ್ರಕಟಿಸಿದನು. ಹಾಗಾದರೆ ವಿದ್ಯುನ್ಮಂಡಲಕ್ಕೆ ಉಳಿಯುವ ಕೆಲಸ ಎರಡೇ: ತಪ್ಪದೆ ತಾಳ ಹಾಕುವುದು, ಆ ತಾಳಗಳನ್ನು ಎಣಿಸುವುದು.

ತಾಳಕ್ಕೆ 555 ಎಂಬ ಐಸಿ ಸಾಕು. ಹಾನ್ಸ್ ಕಾಮೆನ್ಸಿಂಡ್ ಎಂಬ ಇಂಜಿನಿಯರು 1971ರಲ್ಲಿ ರೂಪಿಸಿದ ಈ ಎಂಟು ಕಾಲಿನ ವಸ್ತು ಇಂದಿಗೂ ಅಗ್ಗವಾಗಿ ದೊರೆಯುತ್ತದೆ. ಅದರ 8 ಮತ್ತು 7ನೆಯ ಕಾಲುಗಳ ನಡುವೆ 10 ಸಾವಿರ ಓಮಿನ ರೋಧಕವನ್ನೂ, 7 ಮತ್ತು 6ರ ನಡುವೆ 68 ಸಾವಿರ ಓಮಿನದನ್ನೂ ಇಡಿ. 2 ಮತ್ತು 6ನ್ನು ಕೂಡಿಸಿ, ಅಲ್ಲಿಂದ ಬ್ಯಾಟರಿಯ ಋಣ ತುದಿಗೆ 1 ಮೈಕ್ರೊಫ್ಯಾರಡಿನ ಧಾರಕವನ್ನು, ಎಂದರೆ ಕೆಪಾಸಿಟರನ್ನು, ಸೇರಿಸಿ. 4 ಮತ್ತು 8 ಧನಕ್ಕೆ, 1 ಋಣಕ್ಕೆ. 5ನೆಯದನ್ನು 0.01 ಮೈಕ್ರೊಫ್ಯಾರಡಿನ ಇನ್ನೊಂದು ಧಾರಕದ ಮೂಲಕ ಋಣಕ್ಕೆ ಸೇರಿಸಿರಿ.

ಬ್ಯಾಟರಿ 6 ವೋಲ್ಟಿನದೆಂದು ಭಾವಿಸೋಣ. ಮೊದಲನೆಯ ಧಾರಕವು ತುಂಬುತ್ತ ಅದರ ಮೂರರಲ್ಲಿ ಎರಡು ಪಾಲು, ಎಂದರೆ 4 ವೋಲ್ಟು, ಮುಟ್ಟಿದೊಡನೆ ಐಸಿಯು ಅದನ್ನು ಬರಿದು ಮಾಡಲು ತೊಡಗುತ್ತದೆ. ಮೂರರಲ್ಲಿ ಒಂದು ಪಾಲಿಗೆ, 2 ವೋಲ್ಟಿಗೆ, ಇಳಿದಾಗ ಮತ್ತೆ ತುಂಬಲು ಬಿಡುತ್ತದೆ. 2ರಿಂದ 4ಕ್ಕೆ ಏರುವಾಗ 6ರಿಂದ ಇರುವ ಅಂತರ 4 ವೋಲ್ಟಿನಿಂದ 2ಕ್ಕೆ ಅರ್ಧವಾಗುತ್ತದೆ. ಇಳಿಯುವಾಗಲೂ ವೋಲ್ಟೇಜು ಅರ್ಧವಾಗುತ್ತದೆ. ವಿಕಿರಣ ವಸ್ತುಗಳ ಅರ್ಧಾಯುವನ್ನು ಓದಿದವರಿಗೆ ಇಲ್ಲಿ 0.693 ಎಂಬ ಹಳೆಯ ಪರಿಚಿತನೇ ಎದುರಾಗುತ್ತಾನೆ. ತುಂಬುವಾಗ ಪ್ರವಾಹ ಎರಡು ರೋಧಕಗಳನ್ನೂ ಹಾಯುತ್ತದೆ, ಬರಿದಾಗುವಾಗ ಎರಡನೆಯದನ್ನು ಮಾತ್ರ. ಆದುದರಿಂದ ಒಂದು ತಾಳದ ಅವಧಿ 0.693 × (10 + 68 + 68) ಸಾವಿರ ಓಮ್ × 1 ಮೈಕ್ರೊಫ್ಯಾರಡ್, ಎಂದರೆ ಸುಮಾರು 0.1 ಸೆಕೆಂಡು. ಈ ಲೆಕ್ಕದಲ್ಲಿ ಬ್ಯಾಟರಿಯ ವೋಲ್ಟೇಜು ಬರಲೇ ಇಲ್ಲವೆಂಬುದನ್ನು ಗಮನಿಸಿದಿರಾ? ಮಿತಿಗಳೆರಡೂ ಅದರ ಪಾಲುಗಳೇ ಆದುದರಿಂದ, ಬ್ಯಾಟರಿ ಬಳಲಿ ದೀಪ ಮಂಕಾದರೂ ಓಟದ ವೇಗ ಹೆಚ್ಚು ಕಡಮೆ ಹಾಗೆಯೇ ಇರುತ್ತದೆ.

ಎಣಿಸುವವನು 4017, ಹದಿನಾರು ಕಾಲಿನವನು. 555ರ 3ನೆಯ ಕಾಲಿನಿಂದ ಬರುವ ತಾಳವನ್ನು ಇದರ 14ನೆಯ ಕಾಲಿಗೆ ಕೊಡಿ. 16 ಧನಕ್ಕೆ, 8, 13, 15 ಋಣಕ್ಕೆ. ಪ್ರತಿ ತಾಳಕ್ಕೂ ಇದರ ಹತ್ತು ಹೊರದಾರಿಗಳಲ್ಲಿ ಒಂದು ಮಾತ್ರ ಜೀವಗೊಳ್ಳುತ್ತದೆ. ಆ ಸರದಿ ಕಾಲುಗಳ ಅನುಕ್ರಮದಲ್ಲಿಲ್ಲ; 3, 2, 4, 7, 10, 1, 5, 6, 9, 11 ಎಂದು ವಕ್ರವಾಗಿದೆ. ಎಲ್‌ಇಡಿಗಳ ಉದ್ದ ಕಾಲುಗಳನ್ನು ಇದೇ ಸರದಿಯಲ್ಲಿ ಇವಕ್ಕೆ ಸೇರಿಸಿ, ಗಿಡ್ಡ ಕಾಲುಗಳನ್ನೆಲ್ಲ ಒಟ್ಟುಗೂಡಿಸಿ 470 ಓಮಿನ ಒಂದೇ ರೋಧಕದ ಮೂಲಕ ಋಣಕ್ಕೆ ತನ್ನಿ. ಹತ್ತು ದೀಪಕ್ಕೆ ಒಂದೇ ರೋಧಕ ಸಾಕೇ? ಸಾಕು, ಒಮ್ಮೆಗೆ ಉರಿಯುವುದು ಒಂದೇ ದೀಪವಷ್ಟೆ. ಆದರೆ ಆಗ ಆರಿರುವ ದೀಪಗಳ ಮೇಲೆ ಹಿಮ್ಮುಖ ವೋಲ್ಟೇಜು ಬೀಳುತ್ತದೆ, ಸಾಮಾನ್ಯ ಎಲ್‌ಇಡಿಗಳಿಗೆ ಅದರ ಮಿತಿ 5 ವೋಲ್ಟು. ಅಂಗಡಿಯವನು 9 ವೋಲ್ಟಿನ ಬ್ಯಾಟರಿಯನ್ನು ಮುಂದಿಟ್ಟರೂ ನಾನು ಒಂದೂವರೆ ವೋಲ್ಟಿನ ನಾಲ್ಕು ಸೆಲ್ಲುಗಳನ್ನೇ ಕೇಳುವುದು ಈ ಕಾರಣದಿಂದ.

ಮೊದಲ ಸಲ ಇದನ್ನು ಜೋಡಿಸಿದಾಗ ನಾನೇ ಎಡವಿದೆನು. ಎಣಿಕೆಯನ್ನು ಮೊದಲಿಗೆ ತರುವ 15ನೆಯ ಕಾಲು ನನಗೆ ಬೇಡವಾಗಿತ್ತು. ಅದನ್ನು ಯಾವುದಕ್ಕೂ ಸೇರಿಸದೆ ಬಿಟ್ಟೆನು. ದೀಪಗಳು ನಾಲ್ಕು ಹೆಜ್ಜೆ ಓಡುವುವು, ಥಟ್ಟನೆ ಮೊದಲಿಗೆ ಮರಳುವುವು. ಕೈ ಹತ್ತಿರ ತಂದರೆ ಮತ್ತಷ್ಟು ಹುಚ್ಚಾಟ. ಕೆಟ್ಟ ಮಾಲೆಂದು ಅಂಗಡಿಯವನನ್ನು ಶಪಿಸುತ್ತ ಎರಡು ಐಸಿಗಳನ್ನು ಬದಲಿಸಿದೆನು, ಫಲ ಅದೇ. ಕೊನೆಗೆ ಪ್ರಶ್ನೆ ಕೇಳಿದವಳು ಮುಂದಿನ ಬೆಂಚಿನ ವಿದ್ಯಾರ್ಥಿನಿ: “ಸಾರ್, ಆ ಕಾಲು ಈಗ ಎಷ್ಟು ವೋಲ್ಟಿನಲ್ಲಿದೆ?” ಸೊನ್ನೆ ಎಂದು ಬಾಯಿಗೆ ಬಂದ ಉತ್ತರವನ್ನು ನುಂಗಿದೆನು. ಈ ಜಾತಿಯ ಐಸಿಗಳ ಒಳದಾರಿಯು ನಿರೋಧಕ ಪದರದ ಹಿಂದೆ ಇರುವುದರಿಂದ ಪ್ರವಾಹವನ್ನು ಎಳೆಯುವುದೇ ಇಲ್ಲವೆನ್ನಬಹುದು. ಅಲೆದಾಡುವ ಅತ್ಯಲ್ಪ ಆವೇಶವೂ, ನಮ್ಮ ಮೈ ಹಿಡಿದುಕೊಳ್ಳುವ ಮನೆವಿದ್ಯುತ್ತಿನ 50 ಹರ್ಟ್ಸಿನ ಗುಂಯ್‌ಗಾಟವೂ ಅದನ್ನು ಮೇಲೆ ಕೆಳಗೆ ತೂಗಬಲ್ಲವು. ಖಾಲಿ ಬಿಟ್ಟ ಕಾಲು ಸೊನ್ನೆಯಲ್ಲ. ಅದಕ್ಕೆ ನಿಶ್ಚಿತ ವೋಲ್ಟೇಜೇ ಇಲ್ಲ. ಒಂದು ತುಂಡು ತಂತಿಯಿಂದ ಅದನ್ನು ಋಣಕ್ಕೆ ಸೇರಿಸಿದ ಕೂಡಲೆ ಓಟ ಸರಿಹೋಯಿತು.

ಅದೇ ಕಾಲಿಗೆ ಒಳ್ಳೆಯ ಉಪಯೋಗವೂ ಉಂಟು. ಆರೇ ದೀಪ ಬೇಕಾದರೆ 15ನ್ನು ಋಣದಿಂದ ಬಿಡಿಸಿ ಏಳನೆಯ ಹೊರದಾರಿಗೆ, ಎಂದರೆ 5ನೆಯ ಕಾಲಿಗೆ, ಸೇರಿಸಿ. ಏಳನೆಯ ಸರದಿ ಬಂದ ಕ್ಷಣವೇ ಎಣಿಕೆ ಮೊದಲಿಗೆ ಮರಳುವುದು. ಆದರೆ ಚಪ್ಪರದ 230 ವೋಲ್ಟಿನ ದೀಪಗಳನ್ನು ಈ ಹಲಗೆಗೆ ಎಂದಿಗೂ ತಗುಲಿಸಬೇಡಿ; ಅದಕ್ಕೆ ವಿದ್ಯುತ್ತನ್ನು ಬೇರ್ಪಡಿಸುವ ಸಾಧನವೂ ಅನುಭವಿಯ ಕೈಯೂ ಬೇಕು.

ಕೊನೆಯದಾಗಿ 68 ಸಾವಿರ ಓಮಿನ ಸ್ಥಾನದಲ್ಲಿ ಒಂದು ಮೆಗಾಓಮಿನ ತಿರುಗಿಸುವ ರೋಧಕವನ್ನಿಟ್ಟು ವೇಗವನ್ನು ಮೆಲ್ಲನೆ ತಗ್ಗಿಸಿ ನೋಡಿರಿ. ಎಲ್ಲಿಯೋ ಒಂದೆಡೆ ಓಟ ಮಾಯವಾಗಿ, ಬಿಡಿ ದೀಪಗಳು ಹೊತ್ತಿ ಆರುವುದಷ್ಟೇ ಉಳಿಯುತ್ತದೆ. ಆ ಎಡೆಯನ್ನು ಗುರುತುಮಾಡಿಕೊಂಡು ತಂಗಿಗೂ ಅಜ್ಜಿಗೂ ತೋರಿಸಿ. ಅವರು ಬೇರೊಂದೆಡೆಯನ್ನು ತೋರಿಸಿದರೆ ಮಂಡಲವನ್ನು ದೂರಬೇಡಿರಿ.