ಗಾಯ ಮಾಯುವ ಬಗೆ

ಕಾಯಕಕ್ಕೆ ಕಾಯವೇ ಸಾಧನ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುವ ಸದ್ಭಕ್ತರಲ್ಲಿ ಅಂಗಾಲಿನ ಗಾಯ ಸಾಮಾನ್ಯ. ಹಲವರಲ್ಲಿ ಅದು ಕೆಲವೇ ದಿನಗಳಲ್ಲಿ ಮಾಯುತ್ತದೆ. ಮಧುಮೇಹವುಳ್ಳ ಕೆಲವರಲ್ಲಿ ಅಂಥದೇ ಗಾಯ ತಿಂಗಳುಗಟ್ಟಲೆ ಉಳಿದು, ಪಾದವನ್ನೇ ಕಳೆದುಕೊಳ್ಳುವ ಸ್ಥಿತಿಗೆ ತರಬಲ್ಲದು. ಈ ಭೇದದ ಕಾರಣವನ್ನು ನಾವು ಅರಿಯಬೇಕು.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ವಂಶವಾಹಿಗಳಿವೆ. ಆದರೆ ಎಲ್ಲವೂ ಸದಾ ಕೆಲಸ ಮಾಡುವುದಿಲ್ಲ. ಯಾವುದು ಎಚ್ಚರಗೊಳ್ಳಬೇಕೆಂಬುದನ್ನು ತಿಳಿಸುವ ಸಂಕೇತಗಳಲ್ಲಿ ‘ಬೆಳವಣಿಗೆಯ ಅಂಶಗಳು’ ಎಂಬ ಪ್ರೋಟೀನುಗಳು ಮುಖ್ಯವಾದವು. ಸ್ಟ್ಯಾನ್ಲಿ ಕೋಹೆನ್ ಅವರು ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳ ಕಣ್ಣುಗಳು ವಾಡಿಕೆಗಿಂತ ಬೇಗ ತೆರೆದವು. ಚರ್ಮದ ಕೋಶಗಳನ್ನು ಬೆಳೆಸುವ ಅಂಶವೊಂದು ಹೀಗೆ ಪತ್ತೆಯಾಯಿತು. ಈ ಕ್ಷೇತ್ರದ ಸಾಧನೆಗಾಗಿ ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ 1986ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಗಾಯವಾದೊಡನೆ ರಕ್ತದ ಪ್ಲೇಟ್‌ಲೆಟ್‌ಗಳು ಇಂತಹ ಅಂಶಗಳನ್ನು ಹೊರಸೂಸುತ್ತವೆ. ಅವು ಕೋಶದ ಹೊರಪೊರೆಯಲ್ಲಿರುವ ಗ್ರಾಹಕಗಳನ್ನು ಕೂಡುತ್ತವೆ. ಆಗ ಗ್ರಾಹಕದ ಒಳಭಾಗಕ್ಕೆ ಫಾಸ್ಫೇಟ್ ಸೇರುತ್ತದೆ. ಸಂದೇಶವು ‘ರಾಸ್’ ಮೊದಲಾದ ಪ್ರೋಟೀನುಗಳ ಮೂಲಕ ಕೈಯಿಂದ ಕೈಗೆ ಸಾಗಿ ಕೋಶಕೇಂದ್ರವನ್ನು ಮುಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ‘ಫಾಸ್’ ಎಂಬ ವಂಶವಾಹಿ ಎಚ್ಚರಗೊಳ್ಳುತ್ತದೆ. ಅದರಿಂದ ಹುಟ್ಟಿದ ಪ್ರೋಟೀನು ಇತರ ವಂಶವಾಹಿಗಳನ್ನು ಎಬ್ಬಿಸುತ್ತದೆ. ಕೋಶವು ವಿಭಜನೆಗೊಂಡು ಹೊಸ ಚರ್ಮ ಕೂಡುತ್ತದೆ. ಕೆಲಸ ಮುಗಿದಾಗ ಸಂದೇಶವೂ ಅಡಗಬೇಕು. ರಾಸ್ ಕೆಟ್ಟು ಸದಾ ಚಾಲೂ ಆಗಿಯೇ ಉಳಿದರೆ ಅದು ಕ್ಯಾನ್ಸರಿಗೆ ದಾರಿಯಾಗಬಲ್ಲದು. ಕರೆಯಷ್ಟೇ ಸಂಯಮವೂ ಅಗತ್ಯ.

ಮಧುಮೇಹ ಬಹುಕಾಲ ಹತೋಟಿ ತಪ್ಪಿದಾಗ ಪಾದದ ನರಗಳು ಮಂದವಾಗಿ ನೋವು ತಿಳಿಯದು, ರಕ್ತಸಂಚಾರ ಕುಗ್ಗುತ್ತದೆ. ಹಳೆಯ ಹುಣ್ಣಿನಲ್ಲಿ ಹೆಚ್ಚಾಗುವ ಕಿಣ್ವಗಳು ಬೆಳವಣಿಗೆಯ ಅಂಶಗಳನ್ನೇ ಒಡೆದುಹಾಕುತ್ತವೆ. ಕರೆ ತಲುಪದ ಕೋಶವು ಸುಮ್ಮನಿರುತ್ತದೆ. ಪ್ಲೇಟ್‌ಲೆಟ್ ಅಂಶವುಳ್ಳ ಮುಲಾಮು ಈಗ ಇದೆಯಾದರೂ, ಅದನ್ನು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ಆದುದರಿಂದ ಮಧುಮೇಹವುಳ್ಳವರು ನಿತ್ಯವೂ ಪಾದ ತೊಳೆದು, ಬೆರಳ ಸಂದುಗಳನ್ನು ಒರಸಿ, ಅಂಗಾಲನ್ನು ಪರೀಕ್ಷಿಸಬೇಕು. ವಿಭೂತಿಯನ್ನು ಶ್ರದ್ಧೆಯಿಂದ ಧರಿಸೋಣ; ತೆರೆದ ಗಾಯಕ್ಕೆ ಹಚ್ಚುವುದು ಬೇಡ, ಸುಣ್ಣವೂ ಬೇಡ. ಸಣ್ಣ ಗಾಯವಾದರೂ ತಡಮಾಡದೆ ವೈದ್ಯರಿಗೆ ತೋರಿಸೋಣ. ಪಾದರಕ್ಷೆ ತೊಟ್ಟು ನಡೆದರೆ ಭಕ್ತಿಗೆ ಕುಂದಿಲ್ಲ. ಪಾದ ಉಳಿದರೆ ಮರುವರ್ಷದ ಯಾತ್ರೆಯೂ ಉಳಿಯುತ್ತದೆ.