ಮೊದಲು ಹೊತ್ತು ನೋಡು, ಆಮೇಲೆ ಬಾನೆಟ್ ಎತ್ತು

ತಮ್ಮಾ, ಅಪ್ಪ ಓಡಿಸುತ್ತಿದ್ದ ಮಾರುತಿ 800 ಅನ್ನು ಗುಜರಿಗೆ ಹಾಕದೆ ಉಳಿಸಿಕೊಂಡೆಯಲ್ಲ, ಸಂತೋಷ. ಆದರೆ ನೀನು ಹೇಳಿದ ಇನ್ನೊಂದು ಮಾತು ನನಗೆ ಹಿಡಿಸಲಿಲ್ಲ. ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಪ್ಲಗ್ ಬದಲಾಯಿಸಿದೆ, ನಾಲ್ಕು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು, ಈಗ ಕಾರ್ಬೊರೇಟರನ್ನೇ ಹೊಸದು ಹಾಕಿಸುತ್ತೇನೆ ಎಂದೆ. ಸ್ವಲ್ಪ ತಡಿ. ಬಂದು ಬಂದು ಹೋಗುವ ದೋಷಕ್ಕೆ ಊಹೆಯ ಮೇಲೆ ಸಾಮಾನು ಹಾಕಿಸುತ್ತಾ ಹೋದರೆ ಬಿಲ್ಲು ಗಾಡಿಯ ಬೆಲೆಯನ್ನೇ ಮೀರುತ್ತದೆ, ಮಿಸ್ಸಿಂಗ್ ಇದ್ದಲ್ಲೇ ಇರುತ್ತದೆ. ಗ್ಯಾರೇಜಿನವನ ಮುಂದೆ ನಿಲ್ಲಿಸಿದಾಗ ಅದು ಬರುವುದೂ ಇಲ್ಲ. ಅದನ್ನು ಕಂಡವನು ಓಡಿಸುವ ನೀನೊಬ್ಬನೇ. ಹಾಗಾಗಿ ಅರ್ಧ ಕೆಲಸ ನಿನ್ನದು.

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ನು ಇಟ್ಟುಕೋ. ಮಿಸ್ ಹೊಡೆದಾಗಲೆಲ್ಲ ಗಾಡಿ ನಿಲ್ಲಿಸಿ ಬರೆ: ಎಂಜಿನ್ ತಣ್ಣಗಿತ್ತೋ ಕಾದಿತ್ತೋ, ಮಳೆಯೋ ಬಿಸಿಲೋ, ಏರೋ ಸಮತಟ್ಟೋ, ಯಾವ ಗೇರು, ಚಕ್ರ ಗುಂಡಿಗೆ ಬಿತ್ತೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು. ಒಂದೆರಡು ವಾರಕ್ಕೆ ಅದರ ಚಾಳಿ ನಿನಗೇ ಗೊತ್ತಾಗುತ್ತದೆ.

ಬರೆಯುವಾಗ ಇನ್ನೊಂದನ್ನು ಗಮನಿಸು. ಸ್ವಿಚ್ ಆರಿಸಿದ ಹಾಗೆ ಫಕ್ಕನೆ ಕಡಿದು, ಅಷ್ಟೇ ಫಕ್ಕನೆ ಹತ್ತಿಕೊಂಡರೆ ಸಾಮಾನ್ಯವಾಗಿ ಕರೆಂಟಿನ ಕಡೆಯ ತೊಂದರೆ. ನಿಧಾನವಾಗಿ ಎಳೆತ ಕಳೆದುಕೊಂಡು, ಮುಗ್ಗರಿಸುತ್ತಾ ಸೊರಗಿದರೆ ಪೆಟ್ರೋಲಿನ ಕಡೆ ನೋಡಬೇಕು. ನಿನ್ನದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಒಂದು ಕೈಕೊಟ್ಟರೆ ಮೂರರಲ್ಲೊಂದು ಪಾಲು ಶಕ್ತಿ ಹೋಯಿತು, ಗಾಡಿ ಇಡೀ ನಡುಗುತ್ತದೆ. ಅಷ್ಟರ ಮಟ್ಟಿಗೆ ನಿನ್ನ ಅದೃಷ್ಟ ಎನ್ನು. ಆರು ಸಿಲಿಂಡರಿನ ಗಾಡಿಯಲ್ಲಿ ಇದು ಗೊತ್ತೇ ಆಗದೆ ತಿಂಗಳುಗಟ್ಟಲೆ ನಡೆಯುತ್ತದೆ.

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಹೊಡೆಯುತ್ತದೆ, ಮೇಲೆ ಬಂದ ಮೇಲೆ ಏನೂ ಇಲ್ಲ ಎಂದೆಯಲ್ಲ, ಅದರಲ್ಲೇ ಒಂದು ಸುಳಿವಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನೊಳಗೆ ತುಂಬುವ ಗಾಳಿ ಹೆಚ್ಚು, ಕಿಡಿ ಹಾರುವ ಕ್ಷಣದ ಒತ್ತಡವೂ ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸಂದಿ ಸವೆದು ಅಗಲವಾಗಿದ್ದರೆ, ಕಾಯಿಲ್ ಸೋತಿದ್ದರೆ, ವೈರಿನ ರಬ್ಬರು ಬಿರಿದಿದ್ದರೆ ಆ ವೋಲ್ಟೇಜು ಸಾಲದೆ ಹೋಗುತ್ತದೆ, ಇಲ್ಲವೇ ಪ್ಲಗ್ಗಿನವರೆಗೆ ಹೋಗದೆ ಬೇರೆ ಸುಲಭದ ದಾರಿ ಹಿಡಿಯುತ್ತದೆ. ಆದ್ದರಿಂದ ನಿಲ್ಲಿಸಿ ರೇಸ್ ಕೊಟ್ಟು ನೋಡಿ ‘ಸರಿಯಾಗಿದೆ ಸಾರ್’ ಎನ್ನುವುದಕ್ಕೆ ಅರ್ಥವಿಲ್ಲ. ಹೊಸ ಪ್ಲಗ್ಗೆಂದು ನಂಬಬೇಡ, ಫೀಲರ್ ಗೇಜ್ ಹಾಕಿ ನೋಡು; ನಿನ್ನ ಗಾಡಿಗೆ 0.7ರಿಂದ 0.8 ಮಿಲಿಮೀಟರ್ ಸಂದಿ ಇರಬೇಕು.

ಮಳೆಗಾಲದ ಬೆಳಿಗ್ಗೆ ಮಾತ್ರ ಕಾಡಿದರೆ ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರಿನ, ಕ್ಯಾಪ್ ತೆಗೆ. ಒಳಗೆ ಪೆನ್ಸಿಲ್ ಗೆರೆಯಂತೆ ಕಪ್ಪು ಎಳೆ ಕಂಡರೆ ಕಿಡಿ ಅದರ ಮೇಲೆ ಹರಿದಾಡುತ್ತಿದೆ ಎಂದು ತಿಳಿ. ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಾಯಿಸಲೇಬೇಕು. ನಡುವಿನ ಕಾರ್ಬನ್ ಗುಂಡಿ ಸವೆದಿದೆಯೋ, ರೋಟರಿನ ತುದಿ ಸುಟ್ಟಿದೆಯೋ ಅದನ್ನೂ ನೋಡು. ಇನ್ನೊಂದು ಹಳೇ ಉಪಾಯ: ರಾತ್ರಿ ದೀಪವಿಲ್ಲದ ಕಡೆ ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತು. ಪ್ಲಗ್ ವೈರುಗಳ ಮೇಲೆ ಸಲೂನಿನ ಸ್ಪ್ರೇ ಬಾಟಲಿಯಿಂದ ತೆಳ್ಳಗೆ ನೀರು ಸಿಂಪಡಿಸು. ಸೋರುವ ಜಾಗದಲ್ಲಿ ನೀಲಿ ಕಿಡಿ ಕುಣಿಯುತ್ತದೆ. ದೂರ ನಿಂತು ನೋಡು, ಮುಟ್ಟಬೇಡ, ಅದು ಸಾವಿರಾರು ವೋಲ್ಟು. ಫ್ಯಾನಿನ ಹತ್ತಿರವೂ ಕೈ ಒಯ್ಯಬೇಡ. ಎಲೆಕ್ಟ್ರಿಕ್ ಫ್ಯಾನ್, ಹೇಳದೆ ಕೇಳದೆ ತಿರುಗುತ್ತದೆ.

ಅರ್ಧ ಗಂಟೆ ಓಡಿದ ಮೇಲೆ ಶುರುವಾಗಿ, ಚಹಾ ಕುಡಿದು ಬರುವಷ್ಟರಲ್ಲಿ ಸರಿಹೋಗುತ್ತದೆಯೇ? ಕಾಯಿಲ್ ಮೇಲೆ ನನ್ನ ಅನುಮಾನ. ಒಳಗಿನ ತಂತಿಯ ಇನ್ಸುಲೇಶನ್ ಹಳತಾಗಿ, ಬಿಸಿಯಲ್ಲಿ ಸೋರಿ, ತಣಿದಾಗ ಮತ್ತೆ ಸುಮ್ಮನಾಗುತ್ತದೆ. ತಣ್ಣನೆ ಕಾಯಿಲಿಗೆ ಮೀಟರ್ ಹಿಡಿದರೆ ಎಲ್ಲ ಸರಿಯಾಗಿಯೇ ತೋರಿಸುತ್ತದೆ, ಅದಕ್ಕೇ ಅನೇಕರು ಮೋಸ ಹೋಗುವುದು. ಇಲ್ಲಿ ಟೈಮಿಂಗ್ ಲೈಟ್ ಕೆಲಸಕ್ಕೆ ಬರುತ್ತದೆ. ಅದರ ಕ್ಲಿಪ್ಪನ್ನು ಒಂದೊಂದೇ ಪ್ಲಗ್ ವೈರಿಗೆ ಹಾಕಿ, ಎಂಜಿನ್ ಮುಗ್ಗರಿಸುವಾಗ ಬೆಳಕು ತಪ್ಪುತ್ತದೆಯೇ ನೋಡು. ಮೂರರಲ್ಲೂ ತಪ್ಪಿದರೆ ದೋಷ ಕಾಯಿಲ್, ಪಾಯಿಂಟ್ ಅಥವಾ ಅವುಗಳಿಗೆ ಕರೆಂಟ್ ತರುವ ವೈರಿಂಗಿನಲ್ಲಿ. ಒಂದರಲ್ಲೇ ತಪ್ಪಿದರೆ ಕ್ಯಾಪ್ ಅಥವಾ ಆ ವೈರು. ಎಲ್ಲದರಲ್ಲೂ ಬೆಳಕು ಸರಿಯಾಗಿದ್ದೂ ಎಂಜಿನ್ ಮುಗ್ಗರಿಸಿದರೆ ಪ್ಲಗ್, ಪೆಟ್ರೋಲ್ ಇಲ್ಲವೇ ಕಂಪ್ರೆಶನ್ ಕಡೆ ತಿರುಗು.

ಬಹಳ ಜನ ಬಿಟ್ಟುಬಿಡುವ ಜಾಗವೊಂದಿದೆ. ಡೆಲ್ಕೋದೊಳಗೆ ಪಾಯಿಂಟ್ ಕೂತಿರುವ ತಟ್ಟೆ ವ್ಯಾಕ್ಯೂಮ್ ಅಡ್ವಾನ್ಸಿನ ಎಳೆತಕ್ಕೆ ಆಚೀಚೆ ತಿರುಗುತ್ತಿರುತ್ತದೆ. ಅದರ ಜೊತೆ ಒಂದು ಸಣ್ಣ ವೈರೂ ಪ್ರತಿ ಸಲ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ಕಡಿದಿರುತ್ತವೆ, ಮೇಲಿನ ಹೊದಿಕೆ ಮಾತ್ರ ಹೊಸದರ ಹಾಗೆ ಕಾಣುತ್ತದೆ. ಆಕ್ಸಿಲರೇಟರಿನ ಒಂದು ಸ್ಥಾನದಲ್ಲಿ ಮಿಸ್ ಹೊಡೆದು ಇನ್ನೊಂದರಲ್ಲಿ ಸರಿಯಾಗುವ ಗಾಡಿಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ವೈರನ್ನು ಮೆಲ್ಲಗೆ ಎಳೆದು ನೋಡು; ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರವಿಲ್ಲ. ಪಾಯಿಂಟ್ ಬೇಗ ಬೇಗ ಸುಟ್ಟು ಹೋಗುತ್ತಿದ್ದರೆ ಜೊತೆಗಿರುವ ಕಂಡೆನ್ಸರನ್ನೂ ಬದಲಾಯಿಸು.

ಪೆಟ್ರೋಲಿನ ಕಡೆ ಮೊದಲು ಪುಕ್ಕಟೆ ಪರೀಕ್ಷೆ. ಮಿಸ್ ಹೊಡೆದ ಕೂಡಲೇ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಚೆನ್ನಾಗಿ ಓಡಿದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಇಲ್ಲವಾದರೆ ಫಿಲ್ಟರ್, ಜೆಟ್, ಪಂಪು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇದೆ. ನಿನ್ನ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಎಥೆನಾಲ್ ನೀರನ್ನು ಹೀರುತ್ತದೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕನ್ನು ಖಾಲಿ ಮಾಡಿಸಿಯೇ ಮುಂದಿನ ಮಾತು.

ಐಡ್ಲಿಂಗಿನಲ್ಲಿ ಮಾತ್ರ ನಡುಗಿ, ರೇಸ್ ಕೊಟ್ಟರೆ ಸರಿಯಾಗುವುದು ಹೆಚ್ಚಾಗಿ ಎಲ್ಲೋ ಗಾಳಿ ಎಳೆಯುತ್ತಿರುವ ಲಕ್ಷಣ: ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟೋ, ಬಿರಿದ ವ್ಯಾಕ್ಯೂಮ್ ಪೈಪೋ. ಟ್ಯಾಪೆಟ್ ತೀರಾ ಬಿಗಿಯಾಗಿದ್ದರೂ ಹೀಗೆ ಆಗುತ್ತದೆ; ಕಾದಾಗ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಹಾಗೇ ಓಡಿಸಿದರೆ ಎಕ್ಸಾಸ್ಟ್ ವಾಲ್ವು ಸುಟ್ಟು ಹೆಡ್ ಇಳಿಸಬೇಕಾಗುತ್ತದೆ. ಗ್ಯಾಸ್ ಕಿಟ್ ಹಾಕಿದ್ದ ಗಾಡಿಯಾದರೆ ಕಂಪ್ರೆಶನ್ ಟೆಸ್ಟನ್ನು ಮೊದಲೇ ಮಾಡಿಸು.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಪ್ಲಗ್, ವೈರ್, ಕ್ಯಾಪ್ ಮೂರನ್ನೂ ಒಟ್ಟಿಗೆ ಹಾಕಿಸಿ ಸರಿಯಾದರೂ ಯಾವುದು ಕೆಟ್ಟಿತ್ತೆಂದು ಗೊತ್ತಾಗುವುದಿಲ್ಲ. ಅನುಮಾನವಿದ್ದ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕು. ಮಿಸ್ಸಿಂಗೂ ಜೊತೆಗೆ ಹೋದರೆ ಪ್ಲಗ್ಗೇ ಕಳ್ಳ. ಎಂಜಿನ್ ಓಡುವಾಗ ಪ್ಲಗ್ ವೈರನ್ನು ಕಿತ್ತು ನೋಡುವ ಹಳೇ ಅಭ್ಯಾಸ ಮಾತ್ರ ಬೇಡ. ನಿನಗೆ ಶಾಕ್ ಹೊಡೆಯುವುದಿರಲಿ, ಎಲೆಕ್ಟ್ರಾನಿಕ್ ಇಗ್ನಿಶನ್ ಇದ್ದರೆ ಅದೇ ಸುಟ್ಟು ಹೋಗಬಹುದು. ತೆಗೆದ ಸಾಮಾನನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ತಾ. ಹಳೇ ಪ್ಲಗ್ಗಿನ ಬಣ್ಣವೇ ಬಹಳ ಹೇಳುತ್ತದೆ: ತಿಳಿ ಕಂದು ಒಳ್ಳೆಯದು, ಒಣ ಮಸಿ ಎಂದರೆ ಪೆಟ್ರೋಲ್ ಜಾಸ್ತಿ, ಬಿಳಿಚಿದ್ದರೆ ಗಾಳಿ ಜಾಸ್ತಿ ಅಥವಾ ಬಿಸಿ ಹೆಚ್ಚು, ಎಣ್ಣೆ ಮೆತ್ತಿದ್ದರೆ ರಿಂಗು ಇಲ್ಲವೇ ವಾಲ್ವ್ ಸೀಲು.

ಗ್ಯಾರೇಜಿಗೆ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗು, ಕಾಯಿಲ್ ಹಾಕಿ ಎಂದು ನೀನೇ ಹೇಳಬೇಡ. ಬರೆದದ್ದನ್ನು ಓದಿ ಹೇಳು, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಏರು ಹತ್ತಿಸು. ಸರಿಯಾಗುವ ತನಕ ಮಕ್ಕಳನ್ನು ಕರೆದುಕೊಂಡು ಶಿರಾಡಿಗೆ ಮಾತ್ರ ಹೋಗಬೇಡ. ಲಾರಿಯನ್ನು ಓವರ್‌ಟೇಕ್ ಮಾಡುವಾಗಲೇ ಇದು ಕೈಕೊಡುವುದು. ಅಲ್ಲಿಯವರೆಗೆ ಬಸ್ಸಿಗೆ ಹೋಗಿ ಬನ್ನಿ.