ಮಂಚದ ಪಕ್ಕದ ಕುರ್ಚಿ

ನೋಡಪ್ಪಾ, ಮೊನ್ನೆ ನೀನು ಇಟ್ಟುಹೋದ ಆ ಚಿಕಿತ್ಸಾ ಕೇಂದ್ರದ ಬಣ್ಣದ ಪುಸ್ತಿಕೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ತೋಟವಿದೆ, ಯೋಗವಿದೆ, ಸಾತ್ವಿಕ ಊಟವಿದೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲೂ ಇದೆ: ಮೊದಲ 45 ದಿನ ಮನೆಯವರು ಬರುವಂತಿಲ್ಲ, ಫೋನ್ ಮಾಡುವಂತಿಲ್ಲ. ನೀನು ಅದನ್ನು ಶಿಸ್ತು ಅಂದೆ. ಮಾನಸಿಕ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ನಿನ್ನ ಸೋದರತ್ತೆಗೆ ಪುಸ್ತಿಕೆಯನ್ನು ಪಕ್ಕಕ್ಕಿಡಲು ಆ ಸಾಲೊಂದೇ ಸಾಕಾಯಿತು.

ಚಿಕಿತ್ಸೆ ಬೇಡ ಅಂತ ನಾನು ಹೇಳುತ್ತಿಲ್ಲ ಕಣೋ. ಊಟ ಬಿಟ್ಟು, ಕೈ ಕೊಯ್ದುಕೊಂಡು, ಬಾಗಿಲು ಹಾಕಿಕೊಂಡು ಕೂತಿರುವ ನಿನ್ನ ಹದಿನಾರರ ಮಗಳಿಗೆ ದೇವರಿಗೆ ಹರಕೆ ಹೊತ್ತರೆ ಸಾಲದು, ಡಾಕ್ಟರೂ ಬೇಕು. ಆಸ್ಪತ್ರೆ ಸೇರಿಸಬೇಕಾಗಿ ಬಂದರೆ ಸೇರಿಸೋಣ. ಆದರೆ ಅವಳನ್ನು ಒಳಗೆ ಬಿಟ್ಟು ನೀನು ಗೇಟಿನಿಂದ ವಾಪಸ್ ಬರಬೇಡ.

ಯಾಕೆ ಹೇಳ್ತೀನಿ ಅಂದರೆ, ನಾನೂ ಒಬ್ಬ ತಾಯಿಯನ್ನು ಹಾಗೆ ವಾಪಸ್ ಕಳಿಸಿದವಳು. ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಹುಡುಗ ಹದಿನಾಲ್ಕರವನು, ಹಾಕಿದ್ದು ದೊಡ್ಡವರ ವಾರ್ಡಿಗೆ. ಆ ತಾಯಿ ಬಾಗಿಲಲ್ಲಿ ನಿಂತು, "ಒಂದು ರಾತ್ರಿ ಜೊತೆಗಿರ್ತೀನಿ ಸಿಸ್ಟರ್" ಅಂದಳು. ರೂಲ್ಸ್ ಇಲ್ಲಮ್ಮ, ನಾವು ನೋಡ್ಕೋತೀವಿ ಅಂದೆ. ಎಂಟು ದಿನ ಬಿಟ್ಟು ಬಂದಾಗ ಹುಡುಗ ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಆ ಎಂಟು ರಾತ್ರಿ ಏನು ನಡೆಯಿತು ಅಂತ ಕೇಸ್ ಶೀಟಿನಲ್ಲಿ ಹುಡುಕಿದರೆ ಸಿಗುವುದು "ಸ್ಲೆಪ್ಟ್ ವೆಲ್" ಅನ್ನುವ ಎರಡು ಪದ. ಬರೆದವಳು ನಾನೇ. ನಲವತ್ತು ಹಾಸಿಗೆಗೆ ಇಬ್ಬರೇ ಇದ್ದ ರಾತ್ರಿ ಪಾಳಿಯಲ್ಲಿ ಎಲ್ಲರ ಹೆಸರಿನ ಮುಂದೆಯೂ ಅದನ್ನೇ ಬರೆಯುತ್ತಿದ್ದೆವು.

ಈಗ ಆ ರೂಲ್ಸ್ ತಲೆಕೆಳಗಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಮು ಹದಿನೆಂಟು ತುಂಬದವರಿಗಾಗಿಯೇ ಇದೆ. ಅದರ ಪ್ರಕಾರ ಮಗುವಿನ ಜೊತೆ ಪೋಷಕರು ಅಥವಾ ಅವರು ನೇಮಿಸಿದವರು ಸೇರಿದ ದಿನದಿಂದ ಬಿಡುಗಡೆಯವರೆಗೂ ಇರಬೇಕು. 'ಇರಬಹುದು' ಅಲ್ಲ, ಇರಬೇಕು. ಹೆಣ್ಣುಮಗುವಾಗಿ, ಸಹಿ ಹಾಕಿದವರು ಗಂಡಸಾದರೆ ಜೊತೆಗೊಬ್ಬ ಹೆಂಗಸು ಇರಲೇಬೇಕು. ದೊಡ್ಡವರ ವಾರ್ಡಿನಲ್ಲಿ ಮಲಗಿಸುವಂತಿಲ್ಲ. ಸೇರಿಸುವ ಮೊದಲು ಒಬ್ಬ ಮನೋವೈದ್ಯರು ನೋಡಿದರೆ ಸಾಲದು; ಅವರ ಜೊತೆ ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆಯಾಗಿ ನೋಡಿ, ಮನೆಯಲ್ಲಿದ್ದುಕೊಂಡು ಕೊಡುವ ಚಿಕಿತ್ಸೆ ಇವಳಿಗೆ ಆಗುವುದಿಲ್ಲ ಅಂತ ಒಪ್ಪಬೇಕು. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ: ನೀನು ಯಾವ ದಿನ ಬಂದು ಮಗಳನ್ನು ಕರೆದುಕೊಂಡು ಹೋಗ್ತೀನಿ ಅಂತೀಯೋ ಆ ದಿನ ಅವರು ಬಿಡಬೇಕು. ಪ್ಯಾಕೇಜ್ ಮುಗಿದಿಲ್ಲ, ಕಟ್ಟಿದ ದುಡ್ಡು ವಾಪಸ್ ಇಲ್ಲ ಅನ್ನುವ ಮಾತಿಗೆಲ್ಲ ಅಲ್ಲಿ ಜಾಗವಿಲ್ಲ.

ಮನೆಯವರು ಇದ್ದರೆ ಚಿಕಿತ್ಸೆ ಕೆಡುತ್ತದೆ ಅಂತ ಆ ಕೇಂದ್ರದ ಮ್ಯಾನೇಜರ್ ಹೇಳಿದನಂತಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನು ಇರಿಸಿಕೊಂಡಿದ್ದರು. ನಮ್ಮ ನಿಮ್ಹಾನ್ಸ್‌ಗೆ ಹೋಗಿ ನೋಡು, ಮಕ್ಕಳ ವಾರ್ಡಿನಲ್ಲಿ ಅಪ್ಪ ಅಮ್ಮ ಜೊತೆಗೇ ಇರುತ್ತಾರೆ. ಕೆಡುವುದು ಏನು ಅಂತ ನನಗೆ ಗೊತ್ತು. ಯಾರೂ ನೋಡುತ್ತಿಲ್ಲ ಅನ್ನುವ ಧೈರ್ಯ ಕೆಡುತ್ತದೆ.

ಯಾರೂ ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತಮಿಳುನಾಡಿನ ಏರ್ವಾಡಿ ಇದೆ. 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾದ ಹತ್ತಿರ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಖಾಸಗಿ ಮನೆಗೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ, 28 ಜನ ಹೋದರು. ಅವರನ್ನು ಅಲ್ಲಿ ಬಿಟ್ಟವರು ಕಟುಕರೇನಲ್ಲ, ನಿನ್ನ ಹಾಗೆ ದಿಕ್ಕು ತೋಚದ ಮನೆಯವರು.

ಮನೆಯವರ ಕಣ್ಣೊಂದೇ ಸಾಲದು ಅಂತಲೇ ಕಾಯ್ದೆ ಹೊರಗಿನ ಕಣ್ಣನ್ನೂ ಇಟ್ಟಿದೆ. ಅದರ ಹೆಸರು ಪರಿಶೀಲನಾ ಮಂಡಳಿ, ಆಸ್ಪತ್ರೆಯವರ ಬಾಯಲ್ಲಿ ರಿವ್ಯೂ ಬೋರ್ಡ್. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು. ಜಿಲ್ಲಾಧಿಕಾರಿಯ ಪ್ರತಿನಿಧಿ, ವೈದ್ಯರು ಇರುತ್ತಾರೆ. ಕಾಯಿಲೆ ಅನುಭವಿಸಿದವರಿಗೆ, ಅವರನ್ನು ಸಾಕಿದವರಿಗೆ ಅಥವಾ ಅವರ ಪರ ಕೆಲಸ ಮಾಡುವ ಸಂಸ್ಥೆಗಳಿಗೆ ಅಂತ ಎರಡು ಕುರ್ಚಿ ಇದೆ. ನನಗೆ ತುಂಬ ಹಿಡಿಸಿದ್ದು ಅದು. ಮಗು ಸೇರಿದ 72 ಗಂಟೆಯೊಳಗೆ ಆಸ್ಪತ್ರೆ ಈ ಮಂಡಳಿಗೆ ತಿಳಿಸಬೇಕು. ಅವರು ಬಂದು ಮಗುವನ್ನು ಮಾತಾಡಿಸಬಹುದು, ಕಡತ ನೋಡಬಹುದು. ಮೂವತ್ತು ದಿನ ದಾಟಿದರೆ ಮತ್ತೆ ತಿಳಿಸಬೇಕು, ಏಳು ದಿನದೊಳಗೆ ಪರಿಶೀಲನೆ ನಡೆಯಬೇಕು. ಹದಿನೆಂಟರ ಒಳಗಿನವರಿಗೆ ಕರೆಂಟ್ ಕೊಡುವ ಚಿಕಿತ್ಸೆಯ ಮಾತು ಬಂದರೆ ನಿನ್ನ ಸಹಿ ಸಾಲದು, ಮಂಡಳಿಯ ಅನುಮತಿ ಮೊದಲೇ ಬೇಕು.

ಎಲ್ಲ ಕಡೆ ಹೀಗೇ ನಡೆಯುತ್ತಿದೆ ಅಂತ ನಂಬಿಸಲಾರೆ. ನೋಂದಣಿಯಿಲ್ಲದೆ ನಡೆಸುವವರು ಮೊದಲ ಸಲ ಸಿಕ್ಕಿಬಿದ್ದರೆ ದಂಡ 5,000ದಿಂದ 50,000 ರೂಪಾಯಿ. ನಿನ್ನ ಪುಸ್ತಿಕೆಯವರು ಕೇಳುವ ಒಂದು ತಿಂಗಳ ಫೀಸಿಗಿಂತ ಕಡಿಮೆ! ಅದಕ್ಕೇ ನೀನು ಕೇಳಬೇಕು ಅನ್ನುವುದು. ನೋಂದಣಿ ಪತ್ರ ತೋರಿಸಿ ಅನ್ನು. ಮಂಡಳಿಯ ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ಹಾಕಿರಬೇಕು. ಹಾಕಿದ್ದಾರಾ ನೋಡು, ಬರೆದುಕೊಂಡು ಬಾ. ಮಕ್ಕಳು ಯಾರ ಬಟ್ಟೆ ಹಾಕಿಕೊಂಡಿದ್ದಾರೆ, ಯಾರದಾದರೂ ತಲೆ ಬೋಳಿಸಿದ್ದಾರಾ ಗಮನಿಸು, ಸಮವಸ್ತ್ರಕ್ಕೂ ಬೋಳಿಸುವುದಕ್ಕೂ ಬಲವಂತ ಮಾಡುವಂತಿಲ್ಲ. ಬಚ್ಚಲುಮನೆಗೂ ಹೋಗಿ ಬಾ. ತೋಟವನ್ನು ಅವರೇ ತೋರಿಸುತ್ತಾರೆ.

ಇಷ್ಟೆಲ್ಲ ಕೇಳಿದರೆ ಅವರು ಬೇಜಾರು ಮಾಡಿಕೊಂಡು ಮಗಳನ್ನು ಸರಿಯಾಗಿ ನೋಡಲಿಕ್ಕಿಲ್ಲ ಅಂತ ನಿನ್ನ ಭಯ. ಒಳ್ಳೆಯ ವಾರ್ಡಿನ ಸಿಸ್ಟರ್‌ಗೆ ಕೇಳುವ ಅಪ್ಪ ಸಿಕ್ಕರೆ ಅರ್ಧ ಕೆಲಸ ಹಗುರ, ನಂಬು. ಬೇಜಾರಾಗುವವರ ಕೈಗೆ ಮಗಳನ್ನು ಯಾಕೆ ಕೊಡ್ತೀಯ?

ಅವಳನ್ನೂ ಒಂದು ಮಾತು ಕೇಳಪ್ಪಾ, ಬಾಗಿಲಾಚೆಯಿಂದಲಾದರೂ. ಈ ವಾರದಲ್ಲಿ ಯಾವ ಹೊತ್ತಿನಲ್ಲಾದರೂ ಗಾಬರಿಯಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ.

ನಿನ್ನ ಹೆಂಡತಿ ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರುವ ಹಾಗಿಲ್ಲ, ಸಹಿ ಹಾಕುವವನು ನೀನೇ. ಹಾಗಾದರೆ ಜೊತೆಗೊಬ್ಬ ಹೆಂಗಸು ಬೇಕಲ್ಲ, ಆ ಫಾರಂನಲ್ಲಿ ನನ್ನ ಹೆಸರು ಬರೆಸು. ಮಂಡಿನೋವು ಇದೆ, ಬೆನ್ನು ಆನಿಸಿಕೊಳ್ಳಲು ಆಗುವ ಕುರ್ಚಿ ಇದೆಯಾ ಅಂತ ವಿಚಾರಿಸು. ಇಲ್ಲದಿದ್ದರೆ ಮನೆಯಿಂದಲೇ ತರ್ತೀನಿ. ನೈಟ್ ಡ್ಯೂಟಿ ನನಗೇನು ಹೊಸದಲ್ಲ.